ನಾಲ್ಕು ಅಡಿ ಪಾಯ, 123 ಮೀಟರ್ ಶಿಖರ: ಸಾಲ್ಸ್‌ಬರಿಯಲ್ಲಿ ಒಂದು ದಿನ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೋತೀನಿ. ಇವತ್ತು ನಿಮ್ಮನ್ನು ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಕರ್ಕೊಂಡು ಹೋಗ್ತೀನಿ. ಊರಿನ ಹೆಸರು ಸಾಲ್ಸ್‌ಬರಿ.

ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಅದಕ್ಕೆ ಕಾರಣ ಇದೆ. 2018ರ ಮಾರ್ಚ್‌ನಲ್ಲಿ ಇದೇ ಊರಲ್ಲಿ ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ ಸೆರ್ಗೆಯ್ ಸ್ಕ್ರಿಪಾಲ್ ಮತ್ತು ಅವರ ಮಗಳು ಯೂಲಿಯಾ ಮೇಲೆ ನೋವಿಚೋಕ್ ಅನ್ನೋ ವಿಷದ ದಾಳಿ ಆಯ್ತು. ಬ್ರಿಟನ್ ಪೊಲೀಸರು ಇಬ್ಬರು ಆರೋಪಿಗಳ ಫೋಟೋ ಬಿಡುಗಡೆ ಮಾಡಿದ ಮೇಲೆ ಅವರಿಬ್ಬರೂ ರಷ್ಯಾದ ಟಿವಿಯಲ್ಲಿ ಕೂತು ಸಂದರ್ಶನ ಕೊಟ್ಟರು. ನಾವು ಬರೀ ಟೂರಿಸ್ಟುಗಳು, ಅಲ್ಲಿನ ಕ್ಯಾಥೆಡ್ರಲ್ ನೋಡೋಕೆ ಹೋಗಿದ್ವಿ, ಅದರ ಶಿಖರ 123 ಮೀಟರ್ ಇದೆ, ಹಳೇ ಗಡಿಯಾರ ಇದೆ ಅಂತೆಲ್ಲ ಹೇಳಿದರು. ಆವಾಗಿನಿಂದ ಆ 123 ಮೀಟರ್ ಅನ್ನೋದು ಇಂಟರ್‌ನೆಟ್‌ನಲ್ಲಿ ಒಂದು ಜೋಕ್ ಆಗಿಬಿಟ್ಟಿತು. ನಾನೂ ನಕ್ಕಿದ್ದೆ.

ಆದರೆ ಶಿಖರ ನಿಜವಾಗಲೂ 123 ಮೀಟರ್ ಇದೆ. ಬ್ರಿಟನ್‌ನಲ್ಲೇ ಅತಿ ಎತ್ತರದ ಚರ್ಚ್ ಶಿಖರ ಅದು. ಹೋದ ಸೆಪ್ಟೆಂಬರ್‌ನಲ್ಲಿ ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿದಾಗ ನನಗೆ ನಗು ಬರಲಿಲ್ಲ. ನೆನಪಾದದ್ದು ನಮ್ಮ ಮನೆ ಮೇಲೆ ಕಟ್ಟಬೇಕು ಅಂತಿರೋ ಎರಡು ಮಹಡಿ ಮತ್ತು ಅದರ ಹೋಮ್ ಲೋನ್. ಯಾಕೆ ಅಂತ ಹೇಳ್ತೀನಿ, ಕೇಳಿ.

ಮೊದಲು ನನ್ನ ಕಥೆ ಸ್ವಲ್ಪ. ತುಮಕೂರಲ್ಲಿ ನಮ್ಮದು 30–40 ಸೈಟಲ್ಲಿ ಒಂದು ಮನೆ. ಅಪ್ಪ 2001ರಲ್ಲಿ ಕಟ್ಟಿಸಿದ್ದು. ಗ್ರೌಂಡ್ ಫ್ಲೋರ್ ಮಾತ್ರ, ಸೈಜುಗಲ್ಲಿನ ಪಾಯ, ಕಾಲಮ್ ಇಲ್ಲ, ಭಾರ ಎಲ್ಲ ಗೋಡೆ ಮೇಲೆ. ಈಗ ಅಣ್ಣನಿಗೆ ಮದುವೆ ಆಗಿದೆ. ಮೇಲೆ ಎರಡು ಮಹಡಿ ಹಾಕಿಸಿ, ಒಂದರಲ್ಲಿ ಅವನಿರೋದು, ಇನ್ನೊಂದು ಬಾಡಿಗೆಗೆ, ಬಾಡಿಗೆಯಿಂದ ಇಎಂಐ ಅಂತ ಅವನ ಪ್ಲಾನ್. ಅವನೊಬ್ಬನ ಸಂಬಳಕ್ಕೆ ಅಷ್ಟು ಸಾಲ ಸಿಗಲ್ಲ. ಹಾಗಾಗಿ ನಾನು ಕೋ-ಅಪ್ಲಿಕೆಂಟ್ ಆಗಿ ಸೈನ್ ಹಾಕಬೇಕಿತ್ತು. 20 ವರ್ಷದ ಸಾಲ. "ನೀನು ಸೈನ್ ಹಾಕು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಿದ್ದ ಅಣ್ಣ. ಪಾಯ ತಡೆಯುತ್ತಾ ಅಂತ ಮೇಸ್ತ್ರಿನ ಕೇಳಿದ್ದಕ್ಕೆ "ಏನೂ ಆಗಲ್ಲ ಬಿಡಿ, ಹಳೇ ಕಾಲದ ಗಟ್ಟಿ ಕೆಲಸ" ಅಂತ ಉತ್ತರ ಬಂತು. ಬಿಕಾಂ ಓದಿದ ನಾನು ಬಡ್ಡಿ ಲೆಕ್ಕ ಎರಡೆರಡು ಸಲ ಹಾಕಿದ್ದೆ. ಪಾಯದ ಲೆಕ್ಕ ಮಾತ್ರ ಮೇಸ್ತ್ರಿ ಮಾತಿಗೇ ಬಿಟ್ಟಿದ್ದೆ.

ಚಿಕ್ಕಪ್ಪನ ಮಗಳು ಸೌತಾಂಪ್ಟನ್‌ನಲ್ಲಿ ಓದ್ತಿದ್ದಾಳೆ. ಅವಳನ್ನು ನೋಡೋಕೆ ಅಂತ ಹೋಗಿದ್ದೆ. ಅಲ್ಲಿಂದ ಸಾಲ್ಸ್‌ಬರಿಗೆ ಟ್ರೈನಲ್ಲಿ ಅರ್ಧ ಗಂಟೆ ಅಷ್ಟೆ. ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿಂದ ಆದ್ರೆ ಸುಮಾರು ಒಂದೂವರೆ ಗಂಟೆ. ಇಳಿದು ನಡ್ಕೊಂಡು ಹೋದರೆ ದಾರಿ ಕೇಳೋದೇ ಬೇಡ. ಮನೆಗಳ ಹೆಂಚಿನ ಮೇಲಿಂದ ಆ ಚೂಪು ಶಿಖರ ಕಾಣ್ತಾ ಇರುತ್ತೆ, ಅದನ್ನೇ ನೋಡ್ಕೊಂಡು ಹೋಗ್ತಿರೋದು.

ಕ್ಯಾಥೆಡ್ರಲ್ ಅಂದ್ರೆ ಬರೀ ದೊಡ್ಡ ಚರ್ಚ್ ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ. ಬಿಷಪ್ ಕೂರುವ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್. ಆ ಪದದ ಮೂಲ ಅರ್ಥವೇ ಪೀಠ. ನಮ್ಮಲ್ಲಿ ಒಂದು ಮಠದ ಸುತ್ತ ಊರು ಬೆಳೆಯೋ ಹಾಗೆ ಅಲ್ಲಿ ಈ ಪೀಠದ ಸುತ್ತ ಊರು ಬೆಳೆದಿದೆ.

ಸಾಲ್ಸ್‌ಬರಿ ಒಂದು ರೀತಿಯಲ್ಲಿ ಶಿಫ್ಟ್ ಆದ ಊರು. ಮೊದಲಿದ್ದದ್ದು ಮೂರು ಕಿಲೋಮೀಟರ್ ಉತ್ತರಕ್ಕೆ, ಓಲ್ಡ್ ಸೇರಮ್ ಅನ್ನೋ ಗುಡ್ಡದ ಮೇಲೆ. ಅಲ್ಲಿ ಕೋಟೆ ಒಳಗೇ ಒಂದು ಕ್ಯಾಥೆಡ್ರಲ್ ಇತ್ತು. 1092ರಲ್ಲಿ ಅದರ ಪ್ರತಿಷ್ಠೆ ಆದ ಐದೇ ದಿನಕ್ಕೆ ಬಿರುಗಾಳಿಗೆ ಸಿಕ್ಕಿ ಹಾಳಾಯ್ತಂತೆ. ಮೇಲೆ ವಿಪರೀತ ಗಾಳಿ, ನೀರಿಗೆ ತತ್ವಾರ, ಜತೆಗೆ ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ದಿನಾ ಜಗಳ. ಕೊನೆಗೆ ಬಿಷಪ್ ರಿಚರ್ಡ್ ಪೂರ್ ಅನ್ನೋರು ಕೆಳಗೆ ನದಿ ಬಯಲಿಗೆ ಇಳಿದು ಹೊಸದಾಗಿ ಶುರು ಮಾಡೋಣ ಅಂತ ತೀರ್ಮಾನ ಮಾಡಿದರು. 1220ರ ಏಪ್ರಿಲ್ 28ಕ್ಕೆ ಪಾಯದ ಕಲ್ಲು ಇಟ್ಟರು.

ಬರೀ ಚರ್ಚ್ ಅಲ್ಲ, ಪಕ್ಕದಲ್ಲಿ ಒಂದು ಊರನ್ನೇ ಪ್ಲಾನ್ ಮಾಡಿದರು. ನಮ್ಮ ಲೇಔಟ್‌ಗಳ ಥರ ಚೌಕ ಚೌಕವಾಗಿ ಬೀದಿ. 1227ರಲ್ಲಿ ರಾಜನಿಂದ ಸಂತೆ ನಡೆಸೋಕೆ ಸನ್ನದು ಸಿಕ್ಕಿತು. ಇವತ್ತಿಗೂ ಮಂಗಳವಾರ, ಶನಿವಾರ ಅಲ್ಲಿ ಸಂತೆ ಇದೆ. ನಾನು ಹೋದದ್ದು ಶನಿವಾರ. ತರಕಾರಿ, ಚೀಸು, ಹಳೇ ಬಟ್ಟೆ ಎಲ್ಲಾ ಇತ್ತು. ಸಂತೆಯಲ್ಲಿ ಒಂದು ಪೈ ತಿಂದು ಮುಂದೆ ಹೋದೆ.

ಓಲ್ಡ್ ಸೇರಮ್ ಏನಾಯ್ತು? ಜನ ಎಲ್ಲ ಕೆಳಗೆ ಬಂದರು, ಅದು ಖಾಲಿ ದಿಬ್ಬ ಆಯ್ತು. ಆದರೆ ಆ ಖಾಲಿ ದಿಬ್ಬದಿಂದ ಬ್ರಿಟನ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು ಹೋಗ್ತಾನೇ ಇದ್ದರು! ಬೆರಳೆಣಿಕೆಯ ಮತದಾರರು. ಯಾರ ಕೈಲಿ ಜಮೀನು ಇದೆಯೋ ಅವರು ಹೇಳಿದವರೇ ಎಂಪಿ. 1832ರ ಸುಧಾರಣಾ ಕಾಯ್ದೆ ಬರೋವರೆಗೂ ಇದು ನಡೀತು.

ಇಲ್ಲಿ ನಮ್ಮ ದಕ್ಷಿಣ ಭಾರತದ ಕೊಂಡಿ ಒಂದಿದೆ. 1690ರ ದಶಕದ ಶುರುವಿನಲ್ಲಿ ಓಲ್ಡ್ ಸೇರಮ್ ಜಮೀನನ್ನು ಕೊಂಡವನು ಥಾಮಸ್ ಪಿಟ್. ಭಾರತದಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿದವನು. ಆಮೇಲೆ 1698ರಿಂದ ಮದ್ರಾಸಿನ ಗವರ್ನರ್ ಆದ. ಗೋಲ್ಕೊಂಡ ಸೀಮೆಯ ಗಣಿಯಿಂದ ಬಂದ ಒಂದು ದೊಡ್ಡ ವಜ್ರವನ್ನು ಅಲ್ಲೇ ಕೊಂಡು, ಇಂಗ್ಲೆಂಡಿಗೆ ಕಳಿಸಿ, 1717ರಲ್ಲಿ ಫ್ರಾನ್ಸಿನ ರಾಜಮನೆತನಕ್ಕೆ ಮಾರಿದ. ಅವನಿಗೆ ಡೈಮಂಡ್ ಪಿಟ್ ಅಂತಲೇ ಹೆಸರು ಬಿತ್ತು. ಆ ವಜ್ರ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನದು. ಮುಂದೆ ಬ್ರಿಟನ್ ಪ್ರಧಾನಿಯಾದ ವಿಲಿಯಂ ಪಿಟ್ ಇದ್ದಾರಲ್ಲ, ಇವನ ಮೊಮ್ಮಗ. 1735ರಲ್ಲಿ ಅವರು ಮೊದಲ ಸಲ ಪಾರ್ಲಿಮೆಂಟಿಗೆ ಹೋದದ್ದು ಇದೇ ಖಾಲಿ ದಿಬ್ಬದ ಸೀಟಿನಿಂದ. ಸ್ಕೂಲಲ್ಲಿ ಪಿಟ್ಸ್ ಇಂಡಿಯಾ ಆಕ್ಟ್ 1784 ಅಂತ ಬಾಯಿಪಾಠ ಮಾಡಿದ್ವಲ್ಲ, ಅದು ಆ ವಿಲಿಯಂ ಪಿಟ್‌ರ ಮಗ ತಂದದ್ದು. ಒಂದು ಖಾಲಿ ಗುಡ್ಡಕ್ಕೂ ನಮ್ಮ ಹೈಸ್ಕೂಲ್ ಹಿಸ್ಟರಿ ಪೇಪರಿಗೂ ಸಂಬಂಧ ಇದೆ ಅಂತ ನನಗೆ ಅಲ್ಲಿ ನಿಂತಾಗ್ಲೇ ಗೊತ್ತಾಗಿದ್ದು.

ಸರಿ, ಕ್ಯಾಥೆಡ್ರಲ್ ಒಳಗೆ ಹೋಗೋಣ.

ಮುಖ್ಯ ಕಟ್ಟಡ ಮುಗಿದದ್ದು 1258ರಲ್ಲಿ. ಅಂದ್ರೆ 38 ವರ್ಷ. ಆ ಕಾಲದಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಇದು ಬಹಳ ಫಾಸ್ಟ್. ಎಷ್ಟೋ ಕ್ಯಾಥೆಡ್ರಲ್‌ಗಳಿಗೆ ನೂರಾರು ವರ್ಷ ಹಿಡಿದಿದೆ. ಹಾಗಾಗಿ ಒಳಗೆಲ್ಲ ಒಂದೇ ಶೈಲಿ. ಉದ್ದಕ್ಕೆ ಕಂಬಗಳ ಸಾಲು, ಎತ್ತರದ ಕಿಟಕಿ, ಬೂದು ಬಣ್ಣದ ಬೆಳಕು. ನಡುವೆ 2008ರಲ್ಲಿ ಇಟ್ಟ ನೀರಿನ ತೊಟ್ಟಿ ಒಂದಿದೆ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸೋಕೆ ಅದು. ನೀರು ಎಷ್ಟು ನಿಶ್ಚಲ ಅಂದ್ರೆ ಮೇಲಿನ ಕಮಾನು ಪೂರ್ತಿ ಅದರಲ್ಲಿ ತಲೆಕೆಳಗಾಗಿ ಕಾಣುತ್ತೆ. ಎಲ್ಲರೂ ಫೋಟೋ ತೆಗೆಯೋದು ಅಲ್ಲೇ.

ನಾನು ಒಬ್ಬರು ವಯಸ್ಸಾದ ಗೈಡ್ ಹಿಂದೆ ಹೋದೆ. ಸ್ವಯಂಸೇವಕರು, ಸಂಬಳ ಇಲ್ಲ. ಅವರು ನಮ್ಮನ್ನು ಕಟ್ಟಡದ ಮಧ್ಯಕ್ಕೆ, ಶಿಖರದ ನೇರ ಕೆಳಗೆ ನಿಲ್ಲಿಸಿ, "ಈಗ ಕಂಬಗಳನ್ನು ಕೆಳಗಿಂದ ಮೇಲಕ್ಕೆ ನೋಡಿ" ಅಂದರು.

ನೋಡಿದೆ. ಕಂಬಗಳು ಬಾಗಿವೆ. ಕಲ್ಲಿನ ಕಂಬ ಸ್ವಾಮಿ, ಬಿಲ್ಲಿನ ಹಾಗೆ ಬಾಗಿದೆ. ಬರಿಗಣ್ಣಿಗೆ ಕಾಣುತ್ತೆ.

ಯಾಕೆ ಅಂದ್ರೆ, ಮೂಲ ಪ್ಲಾನಿನಲ್ಲಿ ಇಷ್ಟು ಎತ್ತರದ ಶಿಖರ ಇರಲೇ ಇಲ್ಲ. 1220ರಲ್ಲಿ ಪಾಯ ಹಾಕಿದವರು ಹಾಕಿದ್ದು ಸುಮಾರು ನಾಲ್ಕು ಅಡಿ ಪಾಯ. ಕೆಳಗೆ ನದಿ ಬಯಲಿನ ಜಲ್ಲಿ ಪದರ, ಅದರಲ್ಲಿ ನೀರು. ಅವರು ಕಟ್ಟಿದ ಕಟ್ಟಡಕ್ಕೆ ಅದು ಸಾಕಿತ್ತು. ಎರಡು ತಲೆಮಾರು ಕಳೆದ ಮೇಲೆ, 14ನೇ ಶತಮಾನದ ಹೊತ್ತಿಗೆ, ಮುಂದಿನವರಿಗೆ ಆಸೆ ಹುಟ್ಟಿತು. ಎತ್ತರದ ಗೋಪುರ, ಅದರ ಮೇಲೆ ಶಿಖರ ಏರಿಸಿದರು. ಹೆಚ್ಚುವರಿ ಭಾರ ಸುಮಾರು 6,500 ಟನ್. 10 ಟನ್ ಹೊರೋ ಟಿಪ್ಪರ್ ಲೆಕ್ಕದಲ್ಲಿ 650 ಟಿಪ್ಪರ್ ಲೋಡು, ನಾಲ್ಕು ಕಂಬದ ಮೇಲೆ!

ಆಮೇಲಿನ 700 ವರ್ಷದ ಕಥೆ ಏನಪ್ಪಾ ಅಂದ್ರೆ, ಅದನ್ನು ಬೀಳದ ಹಾಗೆ ಹಿಡಿದುಕೊಂಡಿರೋದು. ಅಡ್ಡ ಕಮಾನು ಕಟ್ಟಿದರು, ಹೊರಗಿಂದ ಆನಿಕೆ ಕೊಟ್ಟರು, ಕಬ್ಬಿಣದ ಪಟ್ಟಿ ಬಿಗಿದರು. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೋಫರ್ ರೆನ್ 1668ರಲ್ಲಿ ಬಂದು ಪರೀಕ್ಷೆ ಮಾಡಿದಾಗ ಶಿಖರ ಎರಡು ಅಡಿಗೂ ಹೆಚ್ಚು ವಾಲಿತ್ತು. ಅವರೂ ಕಬ್ಬಿಣದ ಬಿಗಿ ಹಾಕಿಸೋಕೆ ಹೇಳಿದರು. ಎಷ್ಟು ವಾಲಿದೆ ಅಂತ ತೋರಿಸೋಕೆ ನೆಲದ ಮೇಲೆ ಗುರುತು ಮಾಡಿದ್ದಾರೆ.

ನನಗೆ ಮರೆಯೋಕೇ ಆಗದ್ದು ಇನ್ನೊಂದು. ನೆಲದಲ್ಲಿ ಒಂದು ಕಲ್ಲುಚಪ್ಪಡಿ ಎತ್ತಿದರೆ ಕೆಳಗೆ ತೂತು. ಅದರೊಳಗೆ ಕೋಲು ಇಳಿಸಿ ನೀರು ಎಷ್ಟು ಮಟ್ಟದಲ್ಲಿದೆ ಅಂತ ನೋಡ್ತಾರೆ. ಬೈಕಿನ ಇಂಜಿನ್ ಆಯಿಲ್ ಚೆಕ್ ಮಾಡ್ತೀವಲ್ಲ, ಥೇಟ್ ಹಾಗೆ. ಕೆಳಗಿನ ನೀರು ಮತ್ತು ಜಲ್ಲಿ ಹದವಾಗಿದ್ದರೆ ಮೇಲಿನ ಶಿಖರ ನಿಂತಿರುತ್ತೆ. 800 ವರ್ಷದ ಕಟ್ಟಡ, ಅದರ ಹೆಲ್ತ್ ಚೆಕಪ್ ಮಾಡೋದು ಒಂದು ಕೋಲಿನಿಂದ.

ಗೋಪುರ ಹತ್ತೋಕೆ ಬೇರೆ ಬುಕಿಂಗ್ ಇದೆ. 332 ಮೆಟ್ಟಿಲು. ಮಂಡಿ ನೋವಿರೋರು ಬಿಟ್ಟುಬಿಡಿ. ಮೇಲೆ ಹೋದರೆ ಶಿಖರದ ಒಳಗೆ ಕಟ್ಟುವಾಗ ಬಳಸಿದ ಮರದ ಸಾರವೆ ಇನ್ನೂ ಹಾಗೇ ಇದೆ.

ಗಡಿಯಾರದ ವಿಷಯ ಹೇಳಲೇಬೇಕು. ಸುಮಾರು 1386ರದ್ದು, ಜಗತ್ತಲ್ಲಿ ಇನ್ನೂ ಓಡ್ತಿರೋ ಅತಿ ಹಳೇ ಯಾಂತ್ರಿಕ ಗಡಿಯಾರಗಳಲ್ಲಿ ಒಂದು. ಅದಕ್ಕೆ ಮುಖವೇ ಇಲ್ಲ! ಮುಳ್ಳು ಇಲ್ಲ, ಅಂಕಿ ಇಲ್ಲ. ಕಬ್ಬಿಣದ ಚೌಕಟ್ಟು, ಚಕ್ರ, ಹಗ್ಗ, ಕಲ್ಲಿನ ತೂಕ. ಗಂಟೆ ಹೊಡೆಯೋದೇ ಅದರ ಕೆಲಸ. ಮೂಲೆಗೆ ಬಿದ್ದು ಮರೆತೇ ಹೋಗಿತ್ತಂತೆ, 1920ರ ದಶಕದ ಕೊನೆಗೆ ಗೋಪುರದಲ್ಲಿ ಮತ್ತೆ ಯಾರದ್ದೋ ಕಣ್ಣಿಗೆ ಬಿತ್ತು.

ಪಕ್ಕದ ಎಂಟು ಮೂಲೆಯ ಸಭಾಂಗಣದಲ್ಲಿ ಮ್ಯಾಗ್ನಾ ಕಾರ್ಟಾ ಇದೆ. 1215ರ ಮೂಲ ಪ್ರತಿಗಳಲ್ಲಿ ಉಳಿದಿರೋದು ನಾಲ್ಕೇ. ಎರಡು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಒಂದು ಲಿಂಕನ್ ಊರಿನದು, ಒಂದು ಇಲ್ಲಿಯದು. ಒಂದೇ ಒಂದು ಚರ್ಮದ ಹಾಳೆ. ಅದರಲ್ಲಿ ಸುಮಾರು 3,500 ಲ್ಯಾಟಿನ್ ಪದ, ಇರುವೆ ಸಾಲಿನ ಹಾಗೆ ಬರೆದಿದ್ದಾರೆ. ಕಾನೂನಿನ ಪ್ರಕಾರ ತೀರ್ಪಾಗದೆ ಸ್ವತಂತ್ರ ಮನುಷ್ಯನನ್ನು ರಾಜ ಜೈಲಿಗೆ ಹಾಕೋ ಹಾಗಿಲ್ಲ, ನ್ಯಾಯವನ್ನು ಮಾರೋ ಹಾಗಿಲ್ಲ ಅನ್ನೋದು ಅದರೊಳಗಿನ ದೊಡ್ಡ ಮಾತು. ಆದರೆ ಪೂಜೆ ಮಾಡೋಕೆ ಹೋಗ್ಬೇಡಿ. ಆಗಿನ ಹೆಚ್ಚಿನ ರೈತರು ಆ "ಸ್ವತಂತ್ರ ಮನುಷ್ಯ" ಲೆಕ್ಕಕ್ಕೇ ಬರ್ತಿರಲಿಲ್ಲ. ರಾಜ ಜಾನ್ ಸಹ ಒಪ್ಪಿದ ಹಾಗೆ ಮಾಡಿ, ಕೆಲವೇ ವಾರದಲ್ಲಿ ಪೋಪ್ ಕೈಲಿ ರದ್ದು ಮಾಡಿಸಿದ. ಅವನು ಸತ್ತ ಮೇಲೆ ಅದನ್ನು ಮತ್ತೆ ಮತ್ತೆ ಹೊರಡಿಸಿದ್ದರಿಂದ ಅದು ಉಳೀತು. 2018ರ ಅಕ್ಟೋಬರ್‌ನಲ್ಲಿ ಒಬ್ಬ ಸುತ್ತಿಗೆ ತಂದು ಅದರ ಗಾಜು ಒಡೆಯೋಕೆ ನೋಡಿದ. ಹಾಳೆಗೆ ಏನೂ ಆಗಲಿಲ್ಲ.

ಅಂದ್ರೆ ಒಂದೇ ವರ್ಷ ಆ ಊರು ಎಷ್ಟು ಅನುಭವಿಸಿತು ನೋಡಿ. ಮಾರ್ಚ್ 4ಕ್ಕೆ ಸ್ಕ್ರಿಪಾಲ್ ಮತ್ತು ಮಗಳು ಶಾಪಿಂಗ್ ಏರಿಯಾದ ಬೆಂಚಿನ ಮೇಲೆ ಪ್ರಜ್ಞೆ ತಪ್ಪಿ ಸಿಕ್ಕರು. ಅವರಿಬ್ಬರೂ ಬದುಕಿಕೊಂಡರು. ಆದರೆ ಜುಲೈನಲ್ಲಿ ಡಾನ್ ಸ್ಟರ್ಜೆಸ್ ಅನ್ನೋ 44 ವರ್ಷದ ಹೆಣ್ಣುಮಗಳು ಸತ್ತರು. ಯಾರೋ ಬಿಸಾಕಿದ್ದ ಪರ್ಫ್ಯೂಮ್ ಬಾಟಲಿಯಲ್ಲಿ ಆ ವಿಷ ಇತ್ತು. ಅವರಿಗೂ ಗೂಢಚಾರಿಕೆಗೂ ಯಾವ ಸಂಬಂಧವೂ ಇರಲಿಲ್ಲ. ನಾವು ಮೀಮ್ ಶೇರ್ ಮಾಡ್ತಿದ್ದಾಗ ಆ ಊರಲ್ಲಿ ರಸ್ತೆಗೆ ಟೇಪ್ ಕಟ್ಟಿತ್ತು, ಅಂಗಡಿಗೆ ಗಿರಾಕಿ ಇರಲಿಲ್ಲ. ಎಲ್ಲಾ ಜಾಗ ಸ್ವಚ್ಛ ಮಾಡಿ ಮುಗಿಸೋಕೆ ಸುಮಾರು ಒಂದು ವರ್ಷ ಹಿಡೀತು. ಅವರ ಹೆಸರು ಓದಿದ ಮೇಲೆ ಆ 123 ಮೀಟರ್ ಜೋಕನ್ನು ನಾನು ಬಿಟ್ಟೆ.

ಮತ್ತೆ 2021ರ ಜನವರಿಯಲ್ಲಿ ಇದೇ ಕ್ಯಾಥೆಡ್ರಲ್ ಕೋವಿಡ್ ಲಸಿಕೆ ಕೇಂದ್ರ ಆಯ್ತು. ವಯಸ್ಸಾದವರು ಸಾಲಾಗಿ ಕೂತು ಚುಚ್ಚಿಸಿಕೊಳ್ತಿದ್ದರು. ಅವರಿಗೆ ಸಮಾಧಾನ ಆಗಲಿ ಅಂತ ಪಕ್ಕದಲ್ಲಿ ಆರ್ಗನ್ ನುಡಿಸ್ತಿದ್ದರು. ಚರ್ಚಿಗೆ ಹೋಗೋ ಅಭ್ಯಾಸ ಇದ್ದರೂ ಇಲ್ಲದಿದ್ದರೂ ಅಷ್ಟು ಜನಕ್ಕೆ ಆ ಕಟ್ಟಡ ಉಪಯೋಗಕ್ಕೆ ಬಂತು.

ಕಾಮರ್ಸ್ ತಲೆ ಅಲ್ವಾ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಕೇಳದೇ ಇರೋಕಾಗಲಿಲ್ಲ. ಟಿಕೆಟ್, ದೇಣಿಗೆ, ದತ್ತಿ, ಅಂಗಡಿ, ಕ್ಯಾಂಟೀನ್. 1985ರಲ್ಲಿ ಶಿಖರ ಉಳಿಸೋಕೆ ದೊಡ್ಡ ನಿಧಿ ಸಂಗ್ರಹ ಶುರು ಮಾಡಿದರು. ಆಮೇಲೆ ಶುರುವಾದ ರಿಪೇರಿ 35 ವರ್ಷಕ್ಕೂ ಹೆಚ್ಚು ನಡೀತು. ಕಟ್ಟೋಕೆ 38 ವರ್ಷ, ಒಂದು ರಿಪೇರಿಗೆ ಹೆಚ್ಚುಕಮ್ಮಿ ಅಷ್ಟೇ! ಕ್ಯಾಥೆಡ್ರಲ್‌ಗೆ ತನ್ನದೇ ಕಲ್ಲುಕುಟಿಗರ ತಂಡ ಇದೆ. ಶಿಖರ ಏರಿಸಬೇಕು ಅಂತ ಆಸೆಪಟ್ಟವರು ಸತ್ತು 600 ವರ್ಷದ ಮೇಲಾಗಿದೆ. ಮೇಂಟೆನೆನ್ಸ್ ಬಿಲ್ ಇನ್ನೂ ಬರ್ತಾ ಇದೆ.

ಅವತ್ತು ಸಂಜೆ ನದಿ ಆಚೆಯ ಹುಲ್ಲುಗಾವಲಲ್ಲಿ ಕೂತಿದ್ದೆ. ಕಾನ್‌ಸ್ಟೇಬಲ್ ಅನ್ನೋ ಪೇಂಟರ್ 1831ರಲ್ಲಿ ಚಿತ್ರ ಬರೆದದ್ದು ಆ ಕಡೆಯಿಂದಲೇ. ನಮ್ಮಲ್ಲಿ ರಾತ್ರಿ ಆಗಿತ್ತು. ಅಪ್ಪನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ, "ಅಪ್ಪಾ, ನಮ್ಮ ಮನೆ ಪಾಯ ಎಷ್ಟು ಅಡಿ ತೆಗೆಸಿದ್ರಿ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಪ್ಪ ಅಂದರು, "ಐದು ಅಡಿ ಅಂತ ಮಾತಾಗಿತ್ತು ಮಗಾ. ಮೂರೂವರೆಗೆ ನಿಲ್ಲಿಸಿದೆ. ಆಗ ದುಡ್ಡಿರಲಿಲ್ಲ. ನಿಮ್ಮಮ್ಮನ ಬಳೆ ಆಗಲೇ ಅಡ ಇಟ್ಟಾಗಿತ್ತು."

24 ವರ್ಷ ಯಾರಿಗೂ ಹೇಳಿರಲಿಲ್ಲ. ಅಣ್ಣ ಮಹಡಿ ಅಂದಾಗಲೂ ಬಾಯಿ ಬಿಟ್ಟಿರಲಿಲ್ಲ. ಅಪ್ಪನಿಗೆ ನಾಚಿಕೆ ಆಗಿತ್ತು, ಅಷ್ಟೆ. ನಾನು "ಪರವಾಗಿಲ್ಲ ಅಪ್ಪ, ಆ ಮನೆಗೆ ಅಷ್ಟು ಸಾಕಿತ್ತಲ್ಲ" ಅಂದೆ. ನಿಜ ತಾನೇ? 1220ರಲ್ಲಿ ನಾಲ್ಕು ಅಡಿ ಹಾಕಿದವರದ್ದೂ ತಪ್ಪಲ್ಲ. ಅವರು ಕಟ್ಟಿದ ಮನೆಗೆ ಅದು ಸಾಕಿತ್ತು.

ಊರಿಗೆ ಬಂದ ಮೇಲೆ ಸೈನ್ ಹಾಕೋ ಮುಂಚೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿದೆ. ಫೀಸು ನಾನೇ ಕೊಟ್ಟೆ. ಎರಡು ಕಡೆ ಗುಂಡಿ ತೆಗೆಸಿ ಪಾಯ ನೋಡಿದರು. ಎರಡು ಮಹಡಿ ಖಂಡಿತ ಬೇಡ, ಒಂದು ಮಹಡಿ ಆಗಬಹುದು, ಅದೂ ಹೊಸದಾಗಿ ಕಾಲಮ್ ಕೊಟ್ಟು ಮಾತ್ರ ಅಂದರು. ಅಂದ್ರೆ ಬಾಡಿಗೆ ಇಲ್ಲ, ಇಎಂಐ ಲೆಕ್ಕ ಪೂರ್ತಿ ತಲೆಕೆಳಗು. ಅಣ್ಣ ಹದಿನೈದು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. "ಚರ್ಚ್ ನೋಡ್ಕೊಂಡು ಬಂದು ನಮ್ಮ ಮನೆಗೆ ಕಲ್ಲು ಹಾಕಿದೆ" ಅಂತ ಅತ್ತಿಗೆ ಮುಂದೆ ಅಂದನಂತೆ. ಈಗ ಒಂದು ಮಹಡಿಗೆ ಎಸ್ಟಿಮೇಟ್ ಹಾಕಿಸ್ತಿದ್ದಾನೆ. ನಾನಿನ್ನೂ ಸೈನ್ ಹಾಕಿಲ್ಲ. ಅವನೊಬ್ಬನ ಸಂಬಳಕ್ಕೆ ಆ ಸಾಲ ಸಿಗುತ್ತಾ ಅಂತ ಮೊದಲು ನೋಡೋಣ ಅಂದಿದ್ದೀನಿ.

ನೀವು ಆ ಕಡೆ ಹೋಗೋದಿದ್ದರೆ ಮೂರು ವಿಷಯ ನೆನಪಿಡಿ. ಸಂತೆ ಇರೋ ದಿನ ಹೋಗಿ. ಗೋಪುರಕ್ಕೆ ಮೊದಲೇ ಬುಕ್ ಮಾಡಿ. ದುಡ್ಡು ಕಮ್ಮಿ ಇದ್ದರೆ ಸಂಜೆ ಪ್ರಾರ್ಥನೆಗೆ ಹೋಗಿ ಕೂತ್ಕೊಳ್ಳಿ, ಅದಕ್ಕೆ ಟಿಕೆಟ್ ಇಲ್ಲ, ಹಾಡು ಕೇಳಬಹುದು, ಯಾರೂ ನಿಮ್ಮ ಧರ್ಮ ಕೇಳಲ್ಲ. ಸ್ಟೋನ್‌ಹೆಂಜ್ ಅಲ್ಲಿಂದ ಹತ್ತಿರ, ಬಸ್ಸಿದೆ. ಆದರೆ ಬಸ್ ಇಳಿದು, ಸೆಲ್ಫಿ ತಗೊಂಡು, ಸಾಲ್ಸ್‌ಬರಿ ನೋಡದೇ ವಾಪಸ್ ಹೋಗಬೇಡಿ.

ಮನೆ ಮೇಲೆ ಮಹಡಿ ಹಾಕಿಸೋ ಪ್ಲಾನ್ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ್ನೋ ಅಮ್ಮನ್ನೋ ಒಂದು ಸಲ ಕೇಳಿ, ಪಾಯ ಎಷ್ಟು ಅಡಿ ಅಂತ. ಏನಂದರು ಅಂತ ನನಗೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.